ಮೂಳೆ ಕರಗಿಸುವ ಕೋಶ ತಾನೇ ಯಾಕೆ ಕರಗುವುದಿಲ್ಲ?

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಹೋದ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೂಳೆ ಸವೆದಿದೆ ಅಂದರು. ವಾರಕ್ಕೊಂದು ಮಾತ್ರೆ ಕೊಟ್ಟಿದ್ದಾರೆ. ಆಸಿಡ್ ಬಿಟ್ಟು ಮೂಳೆ ಕರಗಿಸುವ ಜೀವಕೋಶಗಳು ಮೂಳೆಯಲ್ಲೇ ಇರುತ್ತವೆ, ಅವುಗಳ ಆಟ ಜಾಸ್ತಿಯಾಗಿದೆ ಅಂತ ಡಾಕ್ಟರು ಹೇಳಿದರು. ಪಿಯುಸಿ ಸೈನ್ಸ್ ಓದುವ ಮಗಳು ಆವತ್ತಿನಿಂದ ಒಂದೇ ಕೇಳುತ್ತಿದ್ದಾಳೆ: ಮೂಳೆಯನ್ನೇ ಕರಗಿಸುವಷ್ಟು ಆಸಿಡ್ ಮಾಡುವ ಕೋಶ ತಾನೇ ಯಾಕೆ ಕರಗಿಹೋಗಲ್ಲ? ನನ್ನದು ಎರಡು ಸಣ್ಣ ಪ್ರಶ್ನೆ. ನಮ್ಮನೆಯಲ್ಲಿ ದಿನಾ ಅಪ್ಪೆಹುಳಿ, ಇಲ್ಲದಿದ್ದರೆ ವಾಟೆಹುಳಿ ಹಾಕಿದ ಸಾರು. ನಿಲ್ಲಿಸಬೇಕಾ? ಅತ್ತೆ ಗ್ಯಾಸ್ ಮಾತ್ರೆಯನ್ನೂ ನುಂಗುತ್ತಾರೆ. ಅದರಿಂದ ಮೂಳೆಯ ಆಸಿಡ್ಡೂ ತಗ್ಗುತ್ತಾ?
— ಸಾಗರ ತಾಲ್ಲೂಕಿನ ಓದುಗರು

ಉತ್ತರ: ಮೊದಲು ಮಗಳ ಪ್ರಶ್ನೆ. ಅದೇ ದೊಡ್ಡದು. ಬಹಳ ವರ್ಷ ಮೆಡಿಕಲ್ ಹುಡುಗರಿಗೆ ಬಯೋಕೆಮಿಸ್ಟ್ರಿ ಪಾಠ ಮಾಡಿದವನು ನಾನು. ವೈವಾದಲ್ಲಿ ಈ ಪ್ರಶ್ನೆ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ "ಪ್ರೋಟಾನ್ ಪಂಪ್ ಸಾರ್" ಅಂದು ಸುಮ್ಮನಾಗುತ್ತಿದ್ದರು. ಪ್ರೋಟಾನ್ ಅಂದರೆ ಹುಳಿಯ ಕಣ, ಅದನ್ನು ಕೋಶದ ಪೊರೆ ದಾಟಿಸಿ ಹೊರಗೆ ತಳ್ಳುವ ಪ್ರೋಟೀನೇ ಆ ಪಂಪ್. ಆಸಿಡ್ ಹೊರಗೆ ಹೋಯಿತು, ಸರಿ. ಒಳಗೆ ಏನು ಉಳಿಯಿತು? ಅಲ್ಲಿಗೆ ಎಲ್ಲರ ಬಾಯಿ ಬಂದ್. ಆದರೆ ಆ ಕೋಶಕ್ಕೆ ನಿಜವಾದ ತಲೆನೋವು ಹೊರಗೆ ಹೋದ ಆಸಿಡ್ ಅಲ್ಲ, ಒಳಗೆ ಉಳಿದದ್ದು.

ಈ ಕೋಶದ ಹೆಸರು ಆಸ್ಟಿಯೋಕ್ಲಾಸ್ಟ್. 1873ರಲ್ಲಿ ಕೋಲಿಕರ್ ಎಂಬ ವಿಜ್ಞಾನಿ ಇಟ್ಟ ಹೆಸರು. ರಕ್ತದ ಬಿಳಿ ಕಣಗಳ ವಂಶದ್ದೇ ಇದು. ಹಲವು ಮರಿಕೋಶಗಳು ಒಂದಕ್ಕೊಂದು ಕೂಡಿಕೊಂಡು ಒಂದು ದೊಡ್ಡ ಕೋಶ ಆಗುತ್ತವೆ. ಹಾಗಾಗಿ ಒಂದೇ ಕೋಶದಲ್ಲಿ ಐದಾರು, ಕೆಲವೊಮ್ಮೆ ಇಪ್ಪತ್ತು ನ್ಯೂಕ್ಲಿಯಸ್. ಇದು ಶತ್ರುವೇನಲ್ಲ. ಹಳೇ ಮೂಳೆ ಅಗೆದು ತೆಗೆಯುವವರು ಇಲ್ಲದಿದ್ದರೆ ಹೊಸ ಮೂಳೆಗೆ ಜಾಗವೇ ಇಲ್ಲ. ದೊಡ್ಡವರ ಮೈಯಲ್ಲಿ ವರ್ಷಕ್ಕೆ ಸುಮಾರು ಹತ್ತನೇ ಒಂದು ಪಾಲು ಮೂಳೆ ಹೀಗೆ ಹಳೆಯದು ಹೋಗಿ ಹೊಸದು ಬರುತ್ತಲೇ ಇರುತ್ತದೆ.

ಅದು ಕೆಲಸ ಮಾಡುವ ರೀತಿ ನೋಡಬೇಕು ಅಂದರೆ ನಮ್ಮ ಕಡೆಯ ಉಂಬಳ ನೆನಪು ಮಾಡಿಕೊಳ್ಳಿ. ಮಳೆಗಾಲದಲ್ಲಿ ತೋಟಕ್ಕೆ ಹೋದರೆ ಕಾಲಿಗೆ ಹತ್ತುತ್ತದಲ್ಲ, ಅದೇ. ಬಾಯಿಯ ಸುತ್ತ ಗಾಳಿ ಆಡದ ಹಾಗೆ ಚರ್ಮಕ್ಕೆ ಕಚ್ಚಿಕೊಂಡು, ಆ ಮುಚ್ಚಿದ ವೃತ್ತದೊಳಗೆ ತನ್ನ ಕೆಲಸ ಮಾಡುತ್ತದೆ. ಮುಗಿದ ಮೇಲೆ ಹಿಡಿತ ಬಿಡುತ್ತದೆ. ಆಸ್ಟಿಯೋಕ್ಲಾಸ್ಟ್ ಕೂಡ ಹಾಗೆಯೇ. ಕೆಳಗಿನ ಅಂಚನ್ನು ಮೂಳೆಗೆ ಉಂಗುರದ ಹಾಗೆ ಬಿಗಿಯಾಗಿ ಅಂಟಿಸುತ್ತದೆ. ಉಂಗುರದ ಒಳಗೆ, ಕೋಶಕ್ಕೂ ಮೂಳೆಗೂ ನಡುವೆ, ಒಂದು ಪುಟ್ಟ ಕೋಣೆ ಆಗುತ್ತದೆ. ಆಸಿಡ್ ಬೀಳುವುದು ಅಲ್ಲಿಗೆ ಮಾತ್ರ. ಕೋಣೆಯ ಕಡೆಗಿರುವ ಕೋಶದ ಪೊರೆ ಸೀರೆಯ ನಿರಿಗೆಯ ಹಾಗೆ ಮಡಿಕೆ ಮಡಿಕೆ. ಮಡಿಕೆ ಇದ್ದಷ್ಟೂ ಪಂಪ್ ಕೂರಿಸಲು ಜಾಗ ಜಾಸ್ತಿ.

ಮಗಳ ಪ್ರಶ್ನೆಗೆ ಉತ್ತರದ ಮೊದಲ ಅರ್ಧ ಇಲ್ಲೇ ಇದೆ. ಆ ಬಲವಾದ ಹುಳಿ ಕೋಶದ ಒಳಗೆ ಎಂದೂ ಇರುವುದೇ ಇಲ್ಲ. ತೋಟದ ಮಣ್ಣು ಪರೀಕ್ಷೆ ಮಾಡಿಸಿದ ಚೀಟಿಯಲ್ಲಿ ಪಿಎಚ್ ಅಂತ ಒಂದು ಅಂಕಿ ಇರುತ್ತದೆ. 7 ಅಂದರೆ ಸಮ, ಕಡಿಮೆ ಆದಷ್ಟೂ ಹುಳಿ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದೆ ಅಂತ ಲೆಕ್ಕ. ಆ ಪುಟ್ಟ ಕೋಣೆಯ ಪಿಎಚ್ ಸುಮಾರು 4.5. ಅದಕ್ಕೆ ತಾಗಿಕೊಂಡೇ ಇರುವ ಕೋಶದ ಒಳಗೆ ಸುಮಾರು 7.1. ಅಂದರೆ ತೆಳ್ಳನೆಯ ಒಂದು ಪೊರೆಯ ಆಚೆ ಈಚೆ ಹುಳಿಯಲ್ಲಿ 400 ಪಟ್ಟು ವ್ಯತ್ಯಾಸ! ಪಂಪ್ ಒಂದೊಂದೇ ಪ್ರೋಟಾನನ್ನು ಒಳಗಿನಿಂದ ಹಿಡಿದು ಆಚೆ ತಳ್ಳುತ್ತದೆ. ಹುಳಿ ಗಟ್ಟಿಯಾಗುವುದು ಆಚೆ ಹೋದ ಮೇಲೆ.

ಪೊರೆ ಹೇಗೆ ತಡೆದುಕೊಳ್ಳುತ್ತದೆ ಅಂದರೆ, ಅದು ಆ ಕೆಲಸಕ್ಕೇ ಮಾಡಿದ ಪೊರೆ. ನಮ್ಮ ಹೆಚ್ಚುಕಡಿಮೆ ಎಲ್ಲ ಕೋಶಗಳೊಳಗೂ ಲೈಸೋಸೋಮ್ ಎಂಬ ಹುಳಿ ಚೀಲಗಳಿರುತ್ತವೆ, ಕಸ ಜೀರ್ಣ ಮಾಡಲು. ಆಸ್ಟಿಯೋಕ್ಲಾಸ್ಟ್ ಆ ಚೀಲಗಳನ್ನೇ ತಂದು ಮೂಳೆಯ ಕಡೆಯ ಪೊರೆಗೆ ಸೇರಿಸಿಬಿಡುತ್ತದೆ. ಹೊಟ್ಟೆಯನ್ನು ಹೊರಕ್ಕೆ ಮಗುಚಿ ಮೂಳೆಯ ಮೇಲೆ ಕವುಚಿದ ಹಾಗೆ ಅನ್ನಿ. ಮೂಳೆ ಕರಗಲು ಇನ್ನೂ ಒಂದು ಕಾರಣ ಇದೆ. ಅದರಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಲವಣ ಇದೆ, ಹುಳಿಗೆ ಸೋಲುವುದು ಆ ಲವಣ. ಪೊರೆಯದು ಜಿಡ್ಡು, ಅದು ಹಾಗೆ ಸೋಲುವುದಿಲ್ಲ.

ಕಣ್ಣಾರೆ ನೋಡಬೇಕು ಅಂದರೆ ಕೋಳಿ ಕಾಲಿನ ಮೂಳೆಯನ್ನು ಒಂದು ವಾರ ವಿನೆಗರಿನಲ್ಲಿ ಮುಳುಗಿಸಿಡಲಿ. ನಿಮ್ಮ ಮನೆಯಲ್ಲಿ ಕೋಳಿ ನಡೆಯುವುದಿಲ್ಲ ಅಂದರೆ ಕಾಲೇಜಿನ ಲ್ಯಾಬಿನಲ್ಲಿ ಮಾಡಲಿ. ವಾರದ ಮೇಲೆ ತೆಗೆದರೆ ಮೂಳೆಯ ಆಕಾರ ಹಾಗೇ ಇರುತ್ತದೆ, ಆದರೆ ರಬ್ಬರಿನ ಹಾಗೆ ಬಳುಕುತ್ತದೆ. ಲವಣ ಹೋಯಿತು, ಕೊಲ್ಯಾಜನ್ ಎಂಬ ನಾರು ಉಳಿಯಿತು. ಆ ನಾರನ್ನು ಕತ್ತರಿಸಲು ಕೋಶದ ಬಳಿ ಬೇರೆ ಕತ್ತರಿ ಇದೆ. ಕ್ಯಾಥೆಪ್ಸಿನ್ ಕೆ ಅಂತ ಅದರ ಹೆಸರು. ಅದೂ ಹುಳಿಯಲ್ಲೇ ಚೆನ್ನಾಗಿ ಓಡುತ್ತದೆ.

ಈಗ ಉಳಿದ ಅರ್ಧ. ನನ್ನ ಇಷ್ಟದ ಭಾಗ.

ನಮ್ಮ ಮನೆಯಲ್ಲೂ ಅಡಿಕೆ ತೋಟ. ಚಿಕ್ಕವನಿದ್ದಾಗ ಕೊಳೆರೋಗದ ಔಷಧಿ ಹೊಡೆಯುವ ದಿನ ಬೋರ್ಡೋ ಕಲಸುವಾಗ ನನ್ನದು ಕತ್ತಿ ಹಿಡಿಯುವ ಕೆಲಸ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತದ ನೀರು ಹುಳಿ, ಸುಣ್ಣದ ನೀರು ಕ್ಷಾರ. ಎರಡೂ ಸೇರಿ ಸಮಕ್ಕೆ ಬರಬೇಕು. ಬಂತೋ ಇಲ್ಲವೋ ನೋಡಲು ಉಜ್ಜಿದ ಕತ್ತಿಯ ಅಲಗನ್ನು ಡ್ರಮ್ಮಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುವುದು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನೂ ಹುಳಿ ಇದೆ, ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. "ಇನ್ನೊಂದು ಚೂರು ಸುಣ್ಣ ಬಿಡೋ" ಎಂದು ಅಪ್ಪ ಕೂಗುತ್ತಿದ್ದರು.

ಆಸ್ಟಿಯೋಕ್ಲಾಸ್ಟ್ ಮಾಡುವುದು ಇದರ ಉಲ್ಟಾ. ಡ್ರಮ್ಮಿನಲ್ಲಿ ನಾವು ಹುಳಿ ಮತ್ತು ಕ್ಷಾರ ಸೇರಿಸಿ ಸಮ ಮಾಡುತ್ತೇವೆ. ಅದು ಹೆಚ್ಚುಕಡಿಮೆ ಸಮವಾಗಿದ್ದುದನ್ನು ಒಡೆದು ಹುಳಿಯನ್ನೂ ಕ್ಷಾರವನ್ನೂ ಬೇರೆ ಮಾಡುತ್ತದೆ. ಕಚ್ಚಾ ಸಾಮಾನು ಎಲ್ಲಿಂದ? ಉಸಿರಿನಲ್ಲಿ ನಾವು ಬಿಡುವ ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಈ ಕೋಶದಲ್ಲಿ ಮೈಟೋಕಾಂಡ್ರಿಯ ತುಂಬಿ ತುಳುಕುತ್ತಿರುತ್ತವೆ. ಪಂಪಿಗೆ ಬೇಕಾದ ಇಂಧನವನ್ನು ಅವು ಉರಿಸುವಾಗ ಡೈಆಕ್ಸೈಡೂ ಅಲ್ಲೇ ಹುಟ್ಟುತ್ತದೆ. ಕಾರ್ಬಾನಿಕ್ ಅನ್‌ಹೈಡ್ರೇಸ್ 2 ಎಂಬ ಕಿಣ್ವ ಅದನ್ನು ನೀರಿನ ಜೊತೆ ಸೇರಿಸಿ ಎರಡು ಹೋಳು ಮಾಡುತ್ತದೆ: ಒಂದು ಪ್ರೋಟಾನ್, ಒಂದು ಬೈಕಾರ್ಬನೇಟ್. ಬಲು ಚುರುಕು ಕಿಣ್ವ. ಸೆಕೆಂಡಿಗೆ ಹತ್ತು ಲಕ್ಷದಷ್ಟು ಸಲ ಈ ಕೆಲಸ ಮಾಡಬಲ್ಲದು.

ಪ್ರೋಟಾನ್ ಅಂದರೆ ಹುಳಿ, ಅದು ಪಂಪ್ ಹಿಡಿದು ಮೂಳೆಯ ಕಡೆ ಹೋಯಿತು. ಬೈಕಾರ್ಬನೇಟ್? ನಿಮ್ಮ ಅಡಿಗೆಮನೆಯ ಸೋಡಾಪುಡಿಯಲ್ಲಿ ಇರುವುದೇ ಅದು. ಮುಂದಿನ ಬಾಗಿಲಿಂದ ಹೋದ ಒಂದೊಂದು ಪ್ರೋಟಾನಿಗೂ ಒಳಗೆ ಒಂದೊಂದು ಬೈಕಾರ್ಬನೇಟ್ ಉಳಿದುಬಿಡುತ್ತದೆ. ಹಾಗಾಗಿ ಈ ಕೋಶಕ್ಕೆ ಹುಳಿಯಲ್ಲಿ ಸುಟ್ಟುಹೋಗುವ ಭಯಕ್ಕಿಂತ ತನ್ನದೇ ಸೋಡಾದಲ್ಲಿ ಮುಳುಗುವ ಭಯ ಜಾಸ್ತಿ. ಕ್ಷಾರ ಏರಿದರೆ ಪಂಪಿಗೆ ತಳ್ಳಲು ಪ್ರೋಟಾನೇ ಸಿಗುವುದಿಲ್ಲ. ಕೆಲಸ ನಿಲ್ಲುತ್ತದೆ.

ಅದಕ್ಕೆ ಹಿತ್ತಿಲ ಬಾಗಿಲು ಇದೆ. ಕೋಶದ ಹಿಂಭಾಗದಲ್ಲಿ, ರಕ್ತನಾಳದ ಕಡೆಗೆ, ಎಇ2 ಎಂಬ ಪ್ರೋಟೀನು ಕೂತಿರುತ್ತದೆ. ಅದರದ್ದು ಕೊಡು ಕೊಳ್ಳುವ ವ್ಯಾಪಾರ. ಒಂದು ಬೈಕಾರ್ಬನೇಟ್ ಹೊರಗೆ, ಬದಲಿಗೆ ಒಂದು ಕ್ಲೋರೈಡ್ ಒಳಗೆ. ಈ ಕ್ಲೋರೈಡ್ ಬೇರೇನಲ್ಲ, ಉಪ್ಪಿನಲ್ಲಿ ಇರುವುದೇ. ಒಳಗೆ ಬಂದ ಕ್ಲೋರೈಡ್ ಸುಮ್ನೆ ಕೂರುವುದಿಲ್ಲ. ಪ್ರೋಟಾನಿಗೆ ಧನ ವಿದ್ಯುತ್ತು. ಬರೀ ಅದನ್ನೇ ಆಚೆ ತಳ್ಳುತ್ತಾ ಹೋದರೆ ಕೋಣೆಯಲ್ಲಿ ವಿದ್ಯುತ್ತು ಏರಿ ಪಂಪ್ ಸಿಕ್ಕಿಕೊಳ್ಳುತ್ತದೆ. ಕ್ಲೋರೈಡಿಗೆ ಋಣ ವಿದ್ಯುತ್ತು. ಅದು ಸಿಎಲ್‌ಸಿ-7 ಎಂಬ ದಾರಿಯಲ್ಲಿ ಮುಂದಿನ ಕೋಣೆಗೆ ಹೋಗಿ ಲೆಕ್ಕ ಸರಿಮಾಡುತ್ತದೆ. (ಆ ದಾರಿಯೂ ಪೂರ್ತಿ ಉದಾರಿ ಅಲ್ಲ. ಎರಡು ಕ್ಲೋರೈಡ್ ಬಿಡುವಾಗ ಒಂದು ಪ್ರೋಟಾನನ್ನು ವಾಪಸ್ ಒಳಗೆ ಎಳೆದುಕೊಳ್ಳುತ್ತದೆ. ಆದರೂ ಕೊನೆಗೆ ಲಾಭ ಹೊರಗಿನ ಹುಳಿಗೇ.) ಹೀಗೆ ಹಿಂದಿನಿಂದ ಬಂದ ಕ್ಲೋರೈಡು, ಒಳಗೆ ಹುಟ್ಟಿದ ಪ್ರೋಟಾನು ಎರಡೂ ಮುಂದೆ ಸೇರಿದಾಗ ಆಗುವುದು ಹೈಡ್ರೋಕ್ಲೋರಿಕ್ ಆಸಿಡ್. ಕೋಶದ ಒಳಗಿನ ಲೆಕ್ಕ ಮಾತ್ರ ಸಮಕ್ಕೆ ಸಮ.

ಹಿತ್ತಿಲ ಬಾಗಿಲು ಎಷ್ಟು ತೆರೆಯಬೇಕು ಅಂತ ಯಾರು ಹೇಳುತ್ತಾರೆ? ಯಾರೂ ಹೇಳಬೇಕಿಲ್ಲ, ಅದಕ್ಕೇ ಗೊತ್ತು. ಒಳಗೆ ಕ್ಷಾರ ಏರಿದರೆ ಎಇ2 ಚುರುಕಾಗುತ್ತದೆ, ಹುಳಿ ಏರಿದರೆ ಮಂದವಾಗುತ್ತದೆ. ತೋಟದ ಬಸಿಗಾಲುವೆಯಂತೆ, ನೀರು ಏರಿದಷ್ಟೂ ಹೊರಗೆ ಹರಿಯುವುದು ಜಾಸ್ತಿ. ಇನ್ನೊಂದು ಕಡೆ ಎನ್ಎಚ್ಇ1 ಅಂತ ಬೇರೆ ಬಾಗಿಲು ಇದೆ. ಒಳಗೆ ಹುಳಿ ಏರಿದಾಗ ಎದ್ದು, ಸೋಡಿಯಂ ಒಳಗೆ ಬಿಟ್ಟುಕೊಂಡು ಪ್ರೋಟಾನನ್ನು ಹೊರಗೆ ಹಾಕುವುದು ಅದರ ಕೆಲಸ. ಒಂದು ಹುಳಿಗೆ ಕಾವಲು, ಒಂದು ಕ್ಷಾರಕ್ಕೆ ಕಾವಲು. ಅಪ್ಪನ ಕತ್ತಿ ಪರೀಕ್ಷೆ ಆ ಕೋಶದಲ್ಲಿ ಕ್ಷಣ ಕ್ಷಣವೂ ನಡೆಯುತ್ತದೆ.

ಇಷ್ಟೆಲ್ಲ ಹೇಗೆ ಗೊತ್ತಾಯಿತು? ಬಹುಪಾಲು ಹೇಂಟೆಗಳಿಂದ. ಮೊಟ್ಟೆಯ ಚಿಪ್ಪಿಗೆ ಕ್ಯಾಲ್ಸಿಯಂ ಸಾಲದಿದ್ದರೆ ಹೇಂಟೆ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ಅದಕ್ಕೇ ಕ್ಯಾಲ್ಸಿಯಂ ಕಡಿಮೆ ಕೊಟ್ಟು ಸಾಕಿದ ಹೇಂಟೆಯಲ್ಲಿ ಈ ಕೋಶಗಳು ಬೇಕಾದಷ್ಟು ಸಿಗುತ್ತವೆ. 1989ರಲ್ಲಿ ಅಂಥ ಕೋಶಗಳಲ್ಲಿ ಪಂಪ್ ಯಾವ ಜಾತಿಯದು, ಅದು ಮೂಳೆಯ ಕಡೆಗೇ ಹೇಗೆ ಕೂತಿದೆ ಎಂದು ತೋರಿಸಿದರು. ಅದೇ ವರ್ಷ ಕ್ಲೋರೈಡ್–ಬೈಕಾರ್ಬನೇಟ್ ವ್ಯಾಪಾರವನ್ನೂ ಹೇಂಟೆಯ ಕೋಶದಲ್ಲೇ ಅಳೆದರು. ಆ ವ್ಯಾಪಾರ ತಡೆಯುವ ಔಷಧಿ ಹಾಕಿದರೆ ಮೂಳೆ ಅಗೆಯುವ ಕೆಲಸವೂ ನಿಂತಿತು. ಗಮನಿಸಿ, ಪಂಪನ್ನು ಮುಟ್ಟಿರಲಿಲ್ಲ. ಹಿಂದಿನ ಬಾಗಿಲು ಮುಚ್ಚಿದ್ದಕ್ಕೇ ಮುಂದಿನ ಕೆಲಸ ನಿಂತಿತು.

ಪ್ರಕೃತಿಯೂ ಇದೇ ಪ್ರಯೋಗ ಮಾಡಿದೆ, ಸ್ವಲ್ಪ ಕ್ರೂರವಾಗಿ. ಎಇ2 ಇಲ್ಲದ ಇಲಿಗಳಲ್ಲಿ, ಅದೇ ಜೀನಿನ ತುಂಡು ಕಳೆದುಕೊಂಡ ರೆಡ್ ಆಂಗಸ್ ತಳಿಯ ಕರುಗಳಲ್ಲಿ ಮೂಳೆ ಕರಗುವುದೇ ಇಲ್ಲ. ಮನುಷ್ಯರಲ್ಲಿ ಮುಂದಿನ ಪಂಪ್ ಕೆಟ್ಟು ಹುಟ್ಟುವ ಮಕ್ಕಳಿದ್ದಾರೆ, ಸಿಎಲ್‌ಸಿ-7 ಕೆಟ್ಟವರಿದ್ದಾರೆ, ಆ ಚುರುಕು ಕಿಣ್ವ ಇಲ್ಲದವರೂ ಇದ್ದಾರೆ. ಎಲ್ಲರಿಗೂ ಬರುವುದು ಆಸ್ಟಿಯೋಪೆಟ್ರೋಸಿಸ್, ಮೂಳೆ ಕಲ್ಲಿನ ಹಾಗೆ ದಟ್ಟವಾಗುವ ಅಪರೂಪದ ಕಾಯಿಲೆ. ದಟ್ಟ ಅಂದರೆ ಗಟ್ಟಿ ಅಲ್ಲ. ಹಳೇ ಮೂಳೆಯ ಮೇಲೆ ಮೂಳೆ ಪೇರಿಸಿದಂತಾಗಿ ಸುಲಭವಾಗಿ ಮುರಿಯುತ್ತದೆ. ಒಳಗಿನ ಮಜ್ಜೆಗೆ ಜಾಗವಿಲ್ಲದೆ ರಕ್ತ ತಯಾರಾಗುವುದೂ ಕಷ್ಟ. ಆಸ್ಟಿಯೋಕ್ಲಾಸ್ಟ್ ರಕ್ತದ ವಂಶದ್ದು ಅಂದೆನಲ್ಲ, ಅದಕ್ಕೇ ಪಂಪ್ ಕೆಟ್ಟ ಇಂಥ ಮಕ್ಕಳಿಗೆ ಬೇರೆಯವರ ಅಸ್ಥಿಮಜ್ಜೆ ಕಸಿ ಮಾಡಿದರೆ ಹೊಸ, ಸರಿಯಾದ ಕೋಶಗಳು ಬಂದು ಕೆಲಸ ಶುರುಮಾಡುತ್ತವೆ. ಅದು ಆಗುತ್ತದೆ ಎಂದು 1980ರಲ್ಲೇ ಒಂದು ಮಗುವಿನಲ್ಲಿ ತೋರಿಸಿದ್ದಾರೆ.

ನೀವು ಕೇಳಿಲ್ಲ, ಆದರೆ ಸಾಗರದ ಕಡೆಯಿಂದ ಮೂಳೆ ಅಂದ ಕೂಡಲೇ ಯಾರಾದರೂ ಕೇಳೇ ಕೇಳುತ್ತಾರೆ: ಇದು ಹಂದಿಗೋಡು ಕಾಯಿಲೆಯಾ? ಅಲ್ಲ. 1970ರ ದಶಕದಲ್ಲಿ ನಿಮ್ಮ ತಾಲ್ಲೂಕಿನ ಹಂದಿಗೋಡಿನಲ್ಲಿ ಗುರುತಿಸಿದ ಆ ಕಾಯಿಲೆ ವಂಶದಲ್ಲಿ ಬರುವಂಥದ್ದು. ಮೂಳೆ, ಕೀಲು ಬೆಳೆಯುವ ರೀತಿಯಲ್ಲೇ ದೋಷ. ನಿಮ್ಮ ಅತ್ತೆಯದು ವಯಸ್ಸಿನ ಮೂಳೆ ಸವೆತ. ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಎಂಬ ಹೆಣ್ಣು ಹಾರ್ಮೋನ್ ಇಳಿಯುತ್ತದೆ. ಆಗ ಆಸ್ಟಿಯೋಕ್ಲಾಸ್ಟುಗಳು ಹೆಚ್ಚು ಹುಟ್ಟುತ್ತವೆ, ಹೆಚ್ಚು ದಿನ ಬದುಕುತ್ತವೆ. ಆಸಿಡ್ ಖಾರವಾಗಿದ್ದಲ್ಲ, ಅಗೆಯುವ ಆಳು ಜಾಸ್ತಿಯಾಗಿದ್ದು. ಹೊಸ ಮೂಳೆ ತುಂಬುವ ಕೋಶಗಳು ಆ ವೇಗಕ್ಕೆ ಸಾಲುತ್ತಿಲ್ಲ.

ಈಗ ಅಪ್ಪೆಹುಳಿ. ಧಾರಾಳವಾಗಿ ಉಣ್ಣಿ. ನಾಲಿಗೆಗೆ ಹತ್ತಿದ ಹುಳಿ ಮೂಳೆಯವರೆಗೆ ಹೋಗುವುದಿಲ್ಲ. ಮಾವು, ವಾಟೆಯಂಥ ಕಾಯಿಗಳ ಹುಳಿ ಮೈಯಲ್ಲಿ ಉರಿದು ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಡೈಆಕ್ಸೈಡ್ ಉಸಿರಲ್ಲಿ ಹೋಗುತ್ತದೆ. ಶ್ವಾಸಕೋಶ, ಮೂತ್ರಪಿಂಡ ಎರಡೂ ಸೇರಿ ರಕ್ತದ ಪಿಎಚ್ಚನ್ನು 7.35ರಿಂದ 7.45ರ ನಡುವೆ ಹಿಡಿದಿಡುತ್ತವೆ. ಒಂದು ಬಟ್ಟಲು ಅಪ್ಪೆಹುಳಿಗೆಲ್ಲ ಅದು ಅಲುಗುವುದಿಲ್ಲ. ಉಪ್ಪಿನ ಮೇಲೆ ಮಾತ್ರ ಸ್ವಲ್ಪ ಕಣ್ಣಿಡಿ, ಅದು ಬಿಪಿಯ ವಿಷಯ.

ಆದರೆ ರಕ್ತವೇ ನಿಜವಾಗಿ ಹುಳಿಯಾದರೆ ಕಥೆ ಬೇರೆ. ಲ್ಯಾಬಿನಲ್ಲಿ ಸುತ್ತಲಿನ ದ್ರವದ ಪಿಎಚ್ 7.4 ಇದ್ದಾಗ ಈ ಕೋಶಗಳು ಹೆಚ್ಚುಕಡಿಮೆ ಸುಮ್ಮನಿರುತ್ತವೆ. 7.0ರ ಹತ್ತಿರ ಇಳಿಸಿದರೆ ಜೋರಾಗಿ ಅಗೆಯುತ್ತವೆ. ಅದರಲ್ಲಿ ಒಂದು ಅರ್ಥವೂ ಇದೆ, ಅಲ್ವಾ? ಮೂಳೆಯ ಲವಣ ಕರಗಿದರೆ ಅದು ಹುಳಿಯನ್ನು ಹೀರಿಕೊಳ್ಳುತ್ತದೆ, ಡ್ರಮ್ಮಿಗೆ ಸುಣ್ಣ ಬಿಟ್ಟ ಹಾಗೆ. ಮೂತ್ರಪಿಂಡ ಬಹಳ ದಿನದಿಂದ ಕೆಟ್ಟವರಲ್ಲಿ ಹೀಗಾಗುತ್ತದೆ. ಅಂಥವರಿಗೆ ಡಾಕ್ಟರು ಸೋಡಾ ಮಾತ್ರೆ ಕೊಡುವುದು ಇದಕ್ಕೂ ಹೌದು. ಹಾಗಂತ ಸರಿಯಿದ್ದವರು ಮನೆಯಲ್ಲೇ ಸೋಡಾಪುಡಿ ಕಲಸಿ ಕುಡಿಯಬೇಡಿ.

ಗ್ಯಾಸ್ ಮಾತ್ರೆ ವಿಷಯ ಮಗಳಿಗೆ ಖುಷಿ ಕೊಡುತ್ತದೆ. ಹೊಟ್ಟೆಯ ಆಸಿಡ್ ಮಾಡುವ ಕೋಶದ್ದೂ ಬಹುಪಾಲು ಇದೇ ಉಪಾಯ. ಅದೇ ಕಿಣ್ವ, ಅದೇ ಎಇ2 ಹಿತ್ತಿಲ ಬಾಗಿಲು. ಊಟ ಮಾಡಿದ ಮೇಲೆ ಹೊಟ್ಟೆಯಿಂದ ವಾಪಸ್ ಹೋಗುವ ರಕ್ತ ಸ್ವಲ್ಪ ಹೊತ್ತು ಕ್ಷಾರದ ಕಡೆ ವಾಲುವುದು ಇದಕ್ಕೇ. ಮುಂದಿನ ಪಂಪ್ ಮಾತ್ರ ಬೇರೆ. ಹೊಟ್ಟೆಯ ಪಂಪ್ ಪ್ರೋಟಾನ್ ಬಿಟ್ಟು ಪೊಟ್ಯಾಸಿಯಂ ಒಳಗೆ ತಗೊಳ್ಳುವ ಜಾತಿ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಕೂರುವುದು ಆ ಪಂಪಿನ ಮೇಲೆ. ಹಾಗಾಗಿ ಮೂಳೆ ಉಳಿಸಲು ಅದನ್ನು ನುಂಗುವುದರಲ್ಲಿ ಅರ್ಥವಿಲ್ಲ. ಉಲ್ಟಾ, ವರ್ಷಗಟ್ಟಲೆ ನುಂಗಿದವರಲ್ಲಿ ಮೂಳೆ ಮುರಿತ ಸ್ವಲ್ಪ ಹೆಚ್ಚು ಕಂಡಿದೆ. ಅದು ಮಾತ್ರೆಯಿಂದಲೇ ಆದದ್ದು ಎಂದು ಹೇಳಲು ಆ ಲೆಕ್ಕ ಸಾಲದು. ಆದರೂ ಅಂಗಡಿಯಿಂದ ತಂದು ಅಭ್ಯಾಸಕ್ಕೆ ನುಂಗುತ್ತಿದ್ದರೆ ಡಾಕ್ಟರ ಹತ್ತಿರ ಕೇಳಿ. ಯಾವುದೋ ಕಾರಣಕ್ಕೆ ಅವರೇ ಬರೆದುಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ.

ಹಾಗಾದರೆ ಮೂಳೆಯ ಕಡೆಯ ಪಂಪನ್ನೇ ತಡೆಯುವ ಮಾತ್ರೆ ಯಾಕಿಲ್ಲ? ಯಾಕೆಂದರೆ ಆ ಪಂಪ್ ಹೆಚ್ಚುಕಡಿಮೆ ಎಲ್ಲ ಕೋಶಗಳ ಹುಳಿ ಚೀಲಗಳಲ್ಲೂ ಇದೆ, ಮೂತ್ರಪಿಂಡದಲ್ಲೂ ಇದೆ. ಎಲ್ಲ ಕಡೆ ಒಟ್ಟಿಗೆ ನಿಂತರೆ ಕಷ್ಟ.

ನಿಮ್ಮ ಅತ್ತೆಗೆ ಕೊಟ್ಟಿರುವ ವಾರದ ಮಾತ್ರೆ ಬಹುಶಃ ಅಲೆಂಡ್ರೋನೇಟ್ ಜಾತಿಯದು. ಅದರ ದಾರಿ ಹೆಚ್ಚು ಜಾಣತನದ್ದು. ನುಂಗಿದ್ದು ಹೋಗಿ ಮೂಳೆಯ ಲವಣಕ್ಕೆ ಅಂಟಿಕೊಂಡು ಸುಮ್ಮನೆ ಕೂರುತ್ತದೆ. ಆಸ್ಟಿಯೋಕ್ಲಾಸ್ಟ್ ಬಂದು ಆಸಿಡ್ ಬಿಟ್ಟಾಗ ಲವಣ ಕರಗಿ ಮಾತ್ರೆಯ ಅಂಶ ಬಿಡುಗಡೆಯಾಗುತ್ತದೆ. ಕೋಶ ಅದನ್ನು ತಾನೇ ನುಂಗುತ್ತದೆ. ಆಮೇಲೆ ಅದರ ಮಡಿಕೆಗಳು ಅಳಿಸಿಹೋಗಿ ಕೆಲಸ ನಿಲ್ಲುತ್ತದೆ. ಅಗೆದವನ ಕೈಗೇ ಸಿಗುವ ಹಾಗೆ ಇಟ್ಟ ಔಷಧಿ ಅದು.

ಆದರೆ ನುಂಗುವ ಕ್ರಮ ತಪ್ಪಿದರೆ ಅದು ರಕ್ತಕ್ಕೇ ಸೇರುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ. ಹಾಲಲ್ಲ, ಕಷಾಯವಲ್ಲ. ಕ್ಯಾಲ್ಸಿಯಂ ಮಾತ್ರೆ ಆ ಹೊತ್ತಿಗೆ ಬೇಡ, ಆಮೇಲೆ ಊಟದ ಜೊತೆ ಆಗಲಿ. ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು, ಕೂತಿರಲಿ ಅಥವಾ ಓಡಾಡುತ್ತಿರಲಿ. ಇಲ್ಲದಿದ್ದರೆ ಅನ್ನನಾಳದಲ್ಲೇ ನಿಂತು ಸುಡುತ್ತದೆ. ಅವರಿಗೆ ಎದೆಯುರಿ ಇದ್ದೇ ಗ್ಯಾಸ್ ಮಾತ್ರೆ ಶುರುವಾಗಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಬೇಕಾದರೆ ಅವರು ಸೂಜಿಯಲ್ಲಿ ಕೊಡುವ ಔಷಧಿಗೆ ಬದಲಾಯಿಸುತ್ತಾರೆ. ಮಲೆನಾಡಿನ ಅತ್ತೆಯವರಿಗೆ ಇದರಲ್ಲಿ ಕಷ್ಟದ ಭಾಗ ಯಾವುದು ಅಂತ ನನಗೆ ಗೊತ್ತು. ವಾರದಲ್ಲಿ ಆ ಒಂದು ದಿನ ಬೆಳಗಿನ ಕಾಫಿ ಅರ್ಧ ಗಂಟೆ ತಡ.